ಕಹಳೆಯ ಮುಂದೆ ಆರ್ಫಾ, ಬೆನ್ನಹಿಂದೆ ಹುಲ್ಡಾ

ಹುಲ್ಡಾ ಮೇಸಿಯ ಕೈಗಳು ಸದಾ ಬೆಚ್ಚಗಿರುತ್ತಿದ್ದವು. ಓಹಾಯೋದ ನಮ್ಮೂರಿನ ಚಳಿಯಲ್ಲಿ, ಭಾನುವಾರದ ಪ್ರಾರ್ಥನೆ ಮುಗಿದು ಎಲ್ಲರೂ ಪಕ್ಕದವರ ಕೈ ಹಿಡಿಯುವ ಹೊತ್ತಿಗೆ ಅವಳ ಪಕ್ಕದಲ್ಲಿರಬೇಕೆಂದು ನಾನು ಬೇಗ ಹೋಗಿ ಜಾಗ ಹಿಡಿಯುತ್ತಿದ್ದೆ. ನಮ್ಮ ಕ್ವೇಕರ್ ಪಂಥದ ಕ್ರೈಸ್ತ ಸಭೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಬೆಂಚುಗಳ ಮೇಲೆ ಮೌನವಾಗಿ ಕೂರುತ್ತೇವೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ. ಮಾತು ನಡುವೆ ನಿಂತುಹೋದರೆ ಅದು ಮತ್ತೆ ಬರುವವರೆಗೆ ಕಾಯುತ್ತೇವೆ. ಕೆಮ್ಮಿ ಅವಸರ ಮಾಡುವವರಿಲ್ಲ.

ಅಂಥ ಸಭೆಯ ಹೆಂಗಸು ಸದ್ದು ಹಿಡಿಯುವ ಕೆಲಸಕ್ಕೆ ಸೇರಿದ್ದು ನಮಗೆಲ್ಲ ತಮಾಷೆಯಾಗಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆಗೆ ನೆಲ ಒರೆಸಲು ಹೋದಳು. ಆ ಕಾರ್ಖಾನೆಯವರು ಹಿಂದಿನ ಶೆಡ್ಡಿನಲ್ಲಿ ಗ್ರಾಮಫೋನ್ ಪ್ಲೇಟುಗಳನ್ನೂ ಮಾಡುತ್ತಿದ್ದರು. ಆಗಿನ್ನೂ ಮೈಕು ಬಂದಿರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡ ತಗಡಿನ ಕಹಳೆಯೊಳಗೆ ಹಾಡಬೇಕು. ಗೋಡೆಯಾಚೆ ತಿರುಗುವ ಮೇಣದ ಬಿಲ್ಲೆಯ ಮೇಲೆ ಸೂಜಿ ಅದನ್ನು ಗೀರುತ್ತದೆ. ದನಿ ಏರಿದರೆ ಸೂಜಿ ಎಗರುತ್ತದೆ, ತೀರ ಇಳಿದರೆ ಏನೂ ಮೂಡುವುದಿಲ್ಲ. ಹಾಗಾಗಿ ಹಾಡುವವರ ಬೆನ್ನಹಿಂದೆ ಒಬ್ಬರು ನಿಂತು, ಭುಜ ಹಿಡಿದು, ಏರುದನಿಗೆ ಹಿಂದಕ್ಕೆಳೆದು ಮೆಲುದನಿಗೆ ಮುಂದಕ್ಕೆ ತಳ್ಳಬೇಕಿತ್ತು. ಗಂಡಸು ತನ್ನನ್ನು ಮುಟ್ಟಕೂಡದೆಂದು ಗಾಯಕಿಯೊಬ್ಬಳು ಹಟ ಹಿಡಿದ ದಿನ, ಹುಲ್ಡಾಳ ಕೈಯಿಂದ ನೆಲ ಒರೆಸುವ ಬಟ್ಟೆ ಕಿತ್ತುಕೊಂಡು ಅವಳನ್ನು ಅಲ್ಲಿ ನಿಲ್ಲಿಸಿದರು. ಆಮೇಲೆ ಅದೇ ಅವಳ ಕೆಲಸವಾಯಿತು.

"ನಾವು ಹಾಡೇ ಬೇಡ ಅಂತ ಕೂತಿದ್ರೆ, ಊರಿಗೆ ಬರೋ ಹಾಡುಗಾರ್ರನ್ನೆಲ್ಲ ನೀನೇ ಮುಂದಕ್ಕೆ ದಬ್ತಿದೀಯ" ಎಂದು ನಾನು ಛೇಡಿಸುತ್ತಿದ್ದೆ.

"ಹಿಂದಕ್ಕೂ ಎಳೀತೀನಲ್ಲೇ, ಅದನ್ನೂ ಲೆಕ್ಕಕ್ಕೆ ಹಿಡ್ಕೋ" ಎನ್ನುತ್ತಿದ್ದಳು.

ಹೊಳೆಯಾಚೆ ಆರ್ಫಾ ಲಿಂಡ್ಲಿ ಎಂಬ ವಯಸ್ಸಾದ ಹೆಂಗಸಿದ್ದಳು. ಮಕ್ಕಳಿಗಾಗಿ ಅಳಿಲು, ಮೊಲಗಳ ಕತೆ ಬರೆಯುತ್ತಿದ್ದಳು. ಆ ಕತೆಗಳನ್ನು ಪ್ಲೇಟು ಮಾಡಿ ಮಾರಲು ಕಾರ್ಖಾನೆಯವರು ಷಿಕಾಗೋದಿಂದ ನಾಟಕದವಳೊಬ್ಬಳನ್ನು ಕರೆಸಿದ್ದರು. ಅವಳು ಅಭ್ಯಾಸಕ್ಕೆ ಓದಿದ್ದನ್ನು ಕೇಳಿದ ಆರ್ಫಾ ಕೋಲೂರಿಕೊಂಡು ನೇರ ಶೆಡ್ಡಿಗೇ ಬಂದಳು.

"ಅವಳು ತಾಯಿ ಅಳಿಲಿಗೆ ಕೀಚಲು ದನಿ ಕೊಡ್ತಾಳಪ್ಪ" ಎಂದು ಯಂತ್ರ ನಡೆಸುವ ಕ್ಲೆಮ್ ರೈಸರನಿಗೆ ಹೇಳಿದಳು. "ನನ್ನ ಅಳಿಲು ಕಿರುಚಲ್ಲ. ನಿದ್ದೆ ಹತ್ತೋ ಮಗುವಿಗೆ ಹೇಳೋ ಹಾಗೆ ಹೇಳುತ್ತೆ. ಅದೊಂದು ಕತೆ ನಾನೇ ಓದ್ತೀನಿ. ಎದೆ ಕೆಟ್ಟಿದೆ, ಇನ್ನೆಷ್ಟು ದಿನ ದನಿ ಇರುತ್ತೋ ಡಾಕ್ಟರಿಗೂ ಗೊತ್ತಿಲ್ಲ. ಮಕ್ಕಳಿಗೆ ಅದು ಸರಿಯಾಗಿ ಕೇಳ್ಲಿ."

"ಓದಿ ಅಜ್ಜಿ" ಎಂದ ಕ್ಲೆಮ್. "ಆದ್ರೆ ಮಧ್ಯೆ ನಿಲ್ಲಿಸ್ಬೇಡಿ. ಮೇಣ ಯಾರಿಗೂ ಕಾಯಲ್ಲ."

ಹುಲ್ಡಾ ಅವಳ ಭುಜ ಹಿಡಿದಳು. ಕೋಳಿಮರಿ ಹಿಡಿದ ಹಾಗಿತ್ತಂತೆ. ಆ ಮೆಲುದನಿಗೆಂದು ಆರ್ಫಾಳ ಮುಖವನ್ನು ಕಹಳೆಯೊಳಕ್ಕೇ ತಂದು ನಿಲ್ಲಿಸಿದಳು. ಓದು ಚೆನ್ನಾಗಿ ಸಾಗಿತು. ಮರ ಬೀಳುವ ಮುನ್ನ ತಾಯಿ ಅಳಿಲು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಪೊಟರೆಗೆ ಸಾಗಿಸುತ್ತದೆ. ಕೊನೆಯ ಮರಿ ಖಾಲಿ ಗೂಡಿನಲ್ಲಿ ಒಂಟಿಯಾಗಿ ಉಳಿಯುತ್ತದೆ. ಅಲ್ಲಿಗೆ ಬಂದಾಗ ಆರ್ಫಾಳ ಉಸಿರು ಸಿಕ್ಕಿಕೊಂಡಿತು.

ದನಿ ನಿಂತರೆ ಹುಲ್ಡಾ ಗೋಡೆ ತಟ್ಟಬೇಕು, ಕ್ಲೆಮ್ ಯಂತ್ರ ನಿಲ್ಲಿಸಿ ಹೊಸ ಮೇಣ ಇಡುತ್ತಾನೆ. ಅದು ಪದ್ಧತಿ. ಹುಲ್ಡಾ ತಟ್ಟಲಿಲ್ಲ. ನಮ್ಮ ಬೆಂಚಿನ ಮೇಲೆ ಕಾಯುವ ಹಾಗೆ ಸುಮ್ಮನೆ ಕಾದಳು. ಮೇಣ ತಿರುಗುತ್ತಲೇ ಇತ್ತು. ಕೊನೆಗೆ ಆರ್ಫಾಳ ಬೆನ್ನು ಮೆಲ್ಲಗೆ ಉಬ್ಬಿತು. "ಹಿಮದ ಮೇಲೆ ಪುಟ್ಟ ಹೆಜ್ಜೆಗಳ ಸದ್ದಾಯಿತು" ಎಂದು ಓದಿ, ಕತೆಯನ್ನು ಮುಗಿಸಿದಳು.

ಕ್ಲೆಮ್ ಗೋಡೆಯಾಚೆಯಿಂದ ಬಂದ. "ಏನಮ್ಮ ಹುಲ್ಡಾ, ಇದೇನು ನಿಮ್ಮ ಭಾನುವಾರದ ಸಭೆ ಅಂದ್ಕೊಂಡ್ಯಾ? ಇಷ್ಟುದ್ದ ಸದ್ದಿಲ್ದಿದ್ರೆ ಕೊಂಡೋರು ಮಿಷನ್ ಕೆಟ್ಟೋಯ್ತು ಅಂತ ಅಂಗಡಿಗೆ ವಾಪಸ್ ತರ್ತಾರೆ."

"ಇನ್ನೊಂದು ಮೇಣ ಇಡು ಕ್ಲೆಮ್" ಎಂದಳು ಹುಲ್ಡಾ.

ಅವನು ಇಟ್ಟ. ಆರ್ಫಾ ಬಾಯಿ ತೆರೆದಳು. ಕೆಮ್ಮು ಬಂತು, ದನಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಅವಳು ಹಾಸಿಗೆ ಹಿಡಿದಳು. ಅಂಗಡಿಗಳಿಗೆ ಷಿಕಾಗೋದವಳ ಪ್ಲೇಟೇ ಹೋಯಿತು.

"ತಟ್ಟಬೇಕು ಅನ್ನೋದೇ ಹೊಳೀಲಿಲ್ಲ ಕಣೇ" ಎಂದು ಹುಲ್ಡಾ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. "ಅವಳು ಇನ್ನೂ ಮುಗಿಸಿಲ್ಲ ಅಂತ ಅಷ್ಟೇ ಅನ್ನಿಸಿದ್ದು. ಆಗಲೇ ನಿಲ್ಲಿಸಿದ್ರೆ ಇನ್ನೊಂದು ಸಲಕ್ಕೆ ಅವಳಲ್ಲಿ ಉಸಿರು ಉಳೀತಿತ್ತೇನೋ." ನಾನು ಕೆಲಸ ಬಿಟ್ಟು ಅವಳ ಜೊತೆ ಕೂತೆ. ದೇವರೂ ಜೊತೆಗಿದ್ದನೆಂದು ನಂಬಿದ್ದೇನೆ.

ಕ್ಲೆಮ್ ಆ ಮೇಣವನ್ನು ಕರಗಿಸಿರಲಿಲ್ಲ. ಚಳಿಗಾಲದ ಕೊನೆಗೆ ಅದರಿಂದ ಒಂದೇ ಒಂದು ಪ್ಲೇಟು ಒತ್ತಿಸಿ, ತನ್ನ ಮನೆಯ ಗ್ರಾಮಫೋನನ್ನೂ ಹುಲ್ಡಾಳಿಗೆ ಕೊಟ್ಟ. "ಮಾರೋಕೆ ಆಗಲ್ಲ. ಅಜ್ಜಿ ಆದ್ರೂ ಕೇಳ್ಲಿ."

ನಾವಿಬ್ಬರೂ ಅವನ್ನು ಆರ್ಫಾಳ ಮನೆಗೆ ಹೊತ್ತುಕೊಂಡು ಹೋದೆವು. ಹುಲ್ಡಾಳದು ದಾರಿಯುದ್ದಕ್ಕೂ ಒಂದೇ ಮಾತು: "ದನಿ ನಿಂತ ಆ ಜಾಗ ಬಂದಾಗ ಅವಳ ಮುಖ ಹೇಗೆ ನೋಡ್ಲಿ?" ಯಂತ್ರ ಕಂಡು ಅಕ್ಕಪಕ್ಕದ ಮಕ್ಕಳೆಲ್ಲ ಒಳಗೆ ನುಗ್ಗಿ ಆರ್ಫಾಳ ಮಂಚದ ಸುತ್ತ ಕೂತರು. ಹುಲ್ಡಾ ಕೀಲಿ ಕೊಟ್ಟು, ಸೂಜಿ ಇಟ್ಟು, ಕಿಟಕಿಯ ಕಡೆ ತಿರುಗಿ ನಿಂತಳು.

ತನ್ನದೇ ದನಿ ಕೇಳಿ ಆರ್ಫಾ, "ಅಯ್ಯೋ, ಮುದಿ ಬಾತುಕೋಳಿ ಹಾಗಿದೀನಿ" ಎಂದು ಪಿಸುಗುಟ್ಟಿದಳು. ಮಕ್ಕಳು ನಕ್ಕು, ಮತ್ತೆ ಕತೆಗೆ ಕಿವಿಗೊಟ್ಟರು. ಖಾಲಿ ಗೂಡು ಬಂತು. ಮಾತು ನಿಂತಿತು. ಸೂಜಿಯ ಸರಸರ ಮಾತ್ರ ಉಳಿಯಿತು. ಯಾವ ಮಗುವೂ ಅಲುಗಲಿಲ್ಲ.

"ಅದರ ಅಮ್ಮ ಬರಲ್ವಾ?" ಎಂದ ಒಬ್ಬ ಪುಟ್ಟ, ಅಳುಮುಖ ಮಾಡಿ.

ಆರ್ಫಾ ಕೈ ಚಾಚಿ, ಉಳಿದಿದ್ದ ಚೂರು ದನಿಯಲ್ಲಿ, "ಬರ್ತಾಳೆ ಮಗಾ" ಎನ್ನಹೋದಳು.

ಮುಂದೆ ಕೂತ ಹುಡುಗಿ ಗ್ರಾಮಫೋನಿನಿಂದ ಕಣ್ಣು ತೆಗೆಯದೆ, "ಶ್, ಸುಮ್ನಿರಿ ಅಜ್ಜಿ. ಅದ್ರೊಳಗಿರೋರು ಇನ್ನೂ ಹೇಳಿ ಮುಗಿಸಿಲ್ಲ" ಎಂದಳು.

ಹುಲ್ಡಾ ಕಿಟಕಿಯಿಂದ ತಿರುಗಿ ನೋಡಿದಳು. ಆರ್ಫಾ ಬಾಯಿ ಮುಚ್ಚಿ, ರಜಾಯಿಯನ್ನು ಗಲ್ಲದವರೆಗೆ ಎಳೆದುಕೊಂಡು, ಮಕ್ಕಳ ಹಾಗೆಯೇ ಮುಂದಿನ ಮಾತಿಗೆ ಕಾಯುತ್ತಿದ್ದಳು.