ಎಡಚಿಯ ಒಮ್ಮುಖ ಬೆಳಕು

ನಮ್ಮಕ್ಕನಿಗೆ ಮನೆಯಲ್ಲಿ ಎಡಚಿ ಎಂದೇ ಹೆಸರು. ಚಿಕ್ಕವಳಿದ್ದಾಗ ಎಡಗೈ ಚಾಚಿದರೆ ಸಾಕು, ಅಮ್ಮ ಅದರ ಮೇಲೊಂದು ಪೆಟ್ಟು ಕೊಟ್ಟು "ಆ ಕೈ ಬೇಡ" ಅನ್ನುತ್ತಿದ್ದಳು. ಇವತ್ತಿಗೂ ಅಮ್ಮ ಎದುರಿಗಿದ್ದರೆ ಬಲಗೈ ಮುಂದೆ ಬರುತ್ತದೆ, ಮರೆಯಾದರೆ ಎಡಗೈ. ಹುಟ್ಟುಗುಣ ಸುಟ್ಟರೂ ಹೋಗದು. ಪ್ರಯೋಗಾಲಯದಲ್ಲಿ ಅದೇ ಎಡಗೈಯಲ್ಲಿ ಹಿತ್ತಾಳೆಯ ಚಿಮಟ ಹಿಡಿದು, ಸಾಸಿವೆಗಿಂತ ಚಿಕ್ಕ ಗಾರ್ನೆಟ್ ಹರಳನ್ನು ಸಿಲಿಕಾನ್ ಚಿಪ್ ಮೇಲೆ ಕೂರಿಸುವುದು ಅವಳ ಕೆಲಸ.

ಆ ಚಿಪ್ಪೇ ನನಗೊಂದು ಬೆರಗು. ಲೇಸರ್ ಬೆಳಕು ಎಲ್ಲೋ ತಾಗಿ ವಾಪಸ್ ಬಂದರೆ ಲೇಸರೇ ಹದಗೆಡುತ್ತದಂತೆ. ಪಕ್ಕದಲ್ಲೊಂದು ಪುಟ್ಟ ಅಯಸ್ಕಾಂತ ಇಟ್ಟರೆ, ಗಾರ್ನೆಟ್ಟಿನ ದೆಸೆಯಿಂದ ಹೋಗುವ ಬೆಳಕು ದಾಟುತ್ತದೆ, ಬರುವ ಬೆಳಕು ಅಲ್ಲೇ ನಿಲ್ಲುತ್ತದೆ. ಬಾಗಿಲಿಲ್ಲ, ಅಗುಳಿಯಿಲ್ಲ. ಇರುವುದು ಒಂದೇ ದಾರಿ!

ಅಂದು ಕೊನೆಯ ಪರೀಕ್ಷೆ. ಇದೂ ಕೈಕೊಟ್ಟರೆ ವಿಭಾಗವನ್ನೇ ಮುಚ್ಚಿ, ಅಕ್ಕನನ್ನು ಪೆಟ್ಟಿಗೆ ಕಟ್ಟುವ ಕೋಣೆಗೆ ಹಾಕುತ್ತೇವೆಂದು ಮೇಲಿನವರು ಹೇಳಿಬಿಟ್ಟಿದ್ದರು. ಮನೆಯವರು ಬರಬಹುದೆಂದಿದ್ದರಿಂದ ಅಮ್ಮನೂ ನಾನೂ ಮೂಲೆಯಲ್ಲಿ ನಿಂತಿದ್ದೆವು.

ವಿಭಾಗದ ಮುಖ್ಯಸ್ಥೆ ಎಡಗಡೆಯಿಂದ ಬೆಳಕು ಬಿಟ್ಟರು. ಅದು ಕಣ್ಣಿಗೆ ಕಾಣದ ಬೆಳಕು. ದಾಟಿದರೆ ಪರದೆಯ ಮೇಲಿನ ಗೆರೆ ಏಳಬೇಕು. ಗೆರೆ ಅಲ್ಲಾಡಲಿಲ್ಲ.

"ಕೆಟ್ಟುಹೋಯ್ತಾ?" ಅಂದಳು ಅಮ್ಮ.

ಅಕ್ಕ ಚಿಪ್ ಇದ್ದ ತಟ್ಟೆಯನ್ನೇ ದಿಟ್ಟಿಸಿದವಳು, ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು.

"ಮೇಡಂ, ಕೆಟ್ಟಿಲ್ಲ! ಎಡಗೈಗೆ ಅನುಕೂಲ ಅಂತ ತಟ್ಟೆ ತಿರುಗಿಸ್ಕೊಂಡು ಕೂರ್ತೀನಲ್ಲ? ಚಿಪ್ ಹಾಗೆ ತಿರುಗಿದ್ದಾಗ ಅಯಸ್ಕಾಂತ ಮಾತ್ರ ನಕ್ಷೆಯಲ್ಲಿ ಇದ್ದ ಹಾಗೇ ಇಟ್ಬಿಟ್ಟಿದ್ದೀನಿ. ಈಗ ಚಿಪ್ ನೆಟ್ಟಗಿದೆ, ಅಯಸ್ಕಾಂತ ಉಲ್ಟಾ, ಅದಕ್ಕೇ ಬೆಳಕಿನ ದಾರಿನೂ ಉಲ್ಟಾ ಆಗಿದೆ."

"ಹಾಗಾದ್ರೆ ಬಲಗಡೆಯಿಂದ ಬಿಟ್ಟು ನೋಡೋಣ."

ಬಿಟ್ಟರು. ಗೆರೆ ಚಂಗನೆ ಮೇಲೆದ್ದು ನಿಂತಿತು. ಈಚೆಯಿಂದ ಮುಚ್ಚಿದ್ದ ದಾರಿ ಆಚೆಯಿಂದ ತೆರೆದೇ ಇತ್ತು! ಅಷ್ಟು ಚಿಕ್ಕ ಹರಳಿಗೆ ಹೋಗುವುದು ಯಾವುದು, ಬರುವುದು ಯಾವುದು ಎಂದು ಹೇಗೆ ಗೊತ್ತಾಗುತ್ತದೋ, ಇಂದಿಗೂ ನನಗೆ ತಿಳಿಯದು.

ಮುಖ್ಯಸ್ಥೆ ಕುರ್ಚಿಯಿಂದ ಎದ್ದೇಬಿಟ್ಟರು. "ಇನ್ನು ಮುಚ್ಚೋ ಮಾತೇ ಇಲ್ಲ! ಲೇಸರ್ ಇರೋದು ಎಡಗಡೆ, ಅಯಸ್ಕಾಂತ ತಿರುಗಿಸಿಡಮ್ಮ."

ಅಕ್ಕ ಅಮ್ಮನ ಕಡೆ ಒಮ್ಮೆ ನೋಡಿ, ಚಿಮಟವನ್ನು ಬಲಗೈಗೆ ತೆಗೆದುಕೊಂಡಳು.

ಅಮ್ಮ ಹತ್ತಿರ ಹೋಗಿ, ಅದನ್ನು ಬಿಡಿಸಿ, ಎಡಗೈಯಲ್ಲಿಟ್ಟಳು.

"ಆ ಕೈ ಬೇಡ," ಅಂದಳು.