ವಹಿಯೊಳಗಿನ ಸಾಕ್ಷಿ

ಮೊದಲ ಹೇಳಿಬಿಡ್ತೇನಿ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಸಾವಿರದ ಒಂಬೈನೂರಾ ಅರವತ್ತರ ಆಸುಪಾಸಿನ ಮಾತು, ಆಗ ನನಗ ಹತ್ತೊಂಬತ್ತು ವರ್ಷ. ಮಹಾರಾಷ್ಟ್ರದ ಗಡಿಯೊಳಗಿನ ಗಡಹಿಂಗ್ಲಜದ ನಮ್ಮ ಚರ್ಚಿನ್ಯಾಗ ಪ್ರಭುಭೋಜನದ ರೊಟ್ಟಿ ಮುಟ್ಟಬೇಕಂದ್ರ ಮೊದಲ ಎಲ್ಲಾರ ಮುಂದ ನಿಂತು ಸಾಕ್ಷಿ ಹೇಳಬೇಕಿತ್ತು. ದೇವರು ನಿನ್ನ ಬಾಳಿನ್ಯಾಗ ಏನು ಮಾಡ್ಯಾನ, ಅದನ್ನ ಹೇಳೂದು.

ಪದ್ಧತಿ ಛಲೋದ. ಆದ್ರ ನಮ್ಮ ಸಭಾದ ಹಿರಿಯರ ಹತ್ರ ಒಂದು ವಹಿ ಇತ್ತು. ಹಿಂದ ಯಾವಾಗೋ ಕಬ್ಬಿನ ಗಾಡಿ ಹೊಡಿಯಾವ ಒಬ್ಬ ಕುಡಿಯೂದು ಬಿಟ್ಟು, ಅಳಕೋತ ಹೇಳಿದ ಸಾಕ್ಷಿನ ಅವರು ಅದರಾಗ ಮರಾಠಿಯೊಳಗ ಬರಕೊಂಡಿದ್ರು. ಆವತ್ತಿನಿಂದ ಬಂದಬಂದವರಿಗೆಲ್ಲಾ ಅದನ್ನ ಬಾಯಿಪಾಠ ಮಾಡಿಸೂದು! ನನಗಿಂತ ಮುಂಚೆ ನಿಂತಾಕಿ ಹದಿನಾರರ ಹುಡುಗಿ. ಚಹಾ ಬಿಟ್ಟು ಬ್ಯಾರೆ ಏನೂ ಕುಡದಾಕಿ ಅಲ್ಲ. "ನಾನು ದಾರೂದಾಗ ಮುಳುಗಿ ಹೋಗಿದ್ದೆ" ಅಂತ ಗಿಣಿಯಂಗ ಒದರಿದ್ಲು. ಒಬ್ಬರೂ ನಗಲಿಲ್ಲ. "ಆಮೆನ್" ಅಂದ್ರು. ಥೂ, ದೇವರ ಮುಂದ ಇಂಥಾ ನಾಟಕ!

ನನ್ನ ಸಾಕ್ಷಿ ನನ್ನ ಹತ್ರನ ಇತ್ತು. ಅದಕ್ಕೂ ಎರಡು ವರ್ಷ ಮೊದಲ ನಾನು ಇಚಲಕರಂಜಿಯೊಳಗ ಚಿಗವ್ವನ ಮನ್ಯಾಗಿದ್ದು, ಮಗ್ಗದವರ ಕಡೆ ಕಾಂಡಿಗೆ ನೂಲು ಸುತ್ತಾಕ ಹೋಗತಿದ್ದೆ. ಇತ್ತ ಅವ್ವ ಜಡ್ಡಿಗೆ ಬಿದ್ಲು. ಇವತ್ತಲ್ಲ ನಾಳೆ ಆರಾಮ ಆಗತಾರ ಅಂತ ವೈನಿ, ಅಂದ್ರ ನಮ್ಮಣ್ಣನ ಹೆಂಡ್ತಿ, ನನಗ ಸುದ್ದಿನ ಕಳಸಲಿಲ್ಲ. ತೀರಿಕೊಂಡ ಸುದ್ದಿ ಮುಟ್ಟಿ ನಾನು ಎಸ್.ಟಿ. ಬಸ್ಸು ಇಳಿಯೂದ್ರಾಗ ಅವ್ವನ್ನ ಮಣ್ಣು ಮಾಡಿದ್ರು. ಮುಖಾನೂ ನೋಡಾಕ ಸಿಗಲಿಲ್ಲ ನನಗ.

ನಾನು ಗಡಹಿಂಗ್ಲಜದಾಗ ಉಳದೆ, ಆದ್ರ ವೈನಿ ಕೂಡ ಮಾತು ಬಿಟ್ಟೆ. ಆಕಿ ಕೈ ಸುಟ್ಟು ಹೋಗಲಿ ಅಂತ ಮೊಣಕಾಲೂರಿ ಬೇಡಿಕೊಂಡಾಕಿ ನಾನು. ಒಂದಿನ ಖರೇನ ಗಂಜಿ ಉಕ್ಕಿ ಆಕಿ ಕೈ ಸುಟ್ತು. ನನಗ ಹಿಗ್ಗು ಆಗಬೇಕಿತ್ತಲ್ಲಾ? ಅಳು ಬಂತು! ರೊಟ್ಟಿ ಬಡದು, ಮುರದು, ಪಲ್ಲ್ಯಾ ಹಚ್ಚಿ ನಾನ ಆಕಿ ಬಾಯಾಗ ಇಟ್ಟೆ. ಅದು ನನ್ನ ಕೆಲಸ ಅಲ್ರಿ. ನನ್ನ ಗುಣ ನನಗ ಗೊತ್ತೈತಿ. ಅದು ದೇವರ ಕೆಲಸ.

ಇದ್ದದ್ದು ಇದ್ದಂಗ ಸಭಾದ ಮುಂದ ಕನ್ನಡದಾಗ ಹೇಳಿದೆ. ಹಿರಿಯರು ಕನ್ನಡಕ ತಗದ್ರು. "ಇದು ಸಾಕ್ಷಿ ಅಲ್ಲ ತಂಗಿ, ಹೆಂಗಸರ ಮನಿಜಗಳ. ವಹಿಯೊಳಗಿಂದು ಪಾಠ ಮಾಡ್ಕೊಂಡು ಬರೂ ವರ್ಷ ಬಾ" ಅಂದ್ರು.

"ಹಂಗಾರ ದೇವರು ಕುಡುಕರ ಮನಿಗಷ್ಟ ಬರ್ತಾನೇನ್ರಿ?" ಅಂದೆ.

ಹುಡುಗಿ ಎದುರು ಮಾತಾಡಿದ್ಲು ಅಂತ ಗುಜುಗುಜು ಎದ್ದಿತು. ರೊಟ್ಟಿ ಸಿಗದವರು ಕೂಡೂ ಹಿಂದಿನ ಚಾಪಿಗೆ ನನ್ನನ್ನ ಕಳಿಸಿದ್ರು. ಸುಳ್ಳು ಹೇಳಿದಾಕಿಗೆ ರೊಟ್ಟಿ ಸಿಕ್ಕಿತು, ಖರೇ ಹೇಳಿದಾಕಿಗೆ ಇಲ್ಲ.

ರೊಟ್ಟಿ ಇಟ್ಟ ತಾಟು ಸಾಲು ಹಿಡದು ವೈನಿ ತನಕ ಬಂತು. ಸಭಾದಾಗ ಎಂದೂ ಬಾಯಿ ತಗದಾಕಿ ಅಲ್ಲ ಆಕಿ. ಕೈ ಚಾಚಲಿಲ್ಲ. ಸೆರಗು ತಲಿಮ್ಯಾಲೆ ಎಳಕೊಂಡು ಎದ್ದು ನಿಂತ್ಲು.

"ಆಕಿ ಹೇಳಿದ್ದು ಖರೇ ಐತ್ರಿ. ಆಕಿ ಕೈಯಾಗ ನಾ ಉಂಡೇನಿ. ಆಕಿಗಿಲ್ಲಂದ್ರ ನನಗೂ ಬ್ಯಾಡ್ರಿ" ಅಂದ್ಲು. ಅಂದು, ಎಲ್ಲಾರೂ ನೋಡ್ತಿದ್ದಂಗ ನಡಕೋತ ಬಂದು ನನ್ನ ಚಾಪಿ ಮ್ಯಾಲೆ ಕುಂತ್ಲು.