ಗೇರುಮರಕ್ಕೆ ಕಟ್ಟಿಟ್ಟ ಸಿಗಡಿ

ಮಣಿಪಾಲದಲ್ಲಿ ನಾವಿರುವ ಫ್ಲ್ಯಾಟಿನ ಕೆಳಮನೆಯಲ್ಲಿ ಆಗಾಗ ಒಣ ಸಿಗಡಿ ಹುರಿಯುತ್ತಾರೆ. ಆ ಘಾಟು ಮೆಟ್ಟಿಲು ಹತ್ತಿ ಬಂದರೆ ಅಕ್ಕಪಕ್ಕದವರು ಕಿಟಕಿ ಮುಚ್ಚುತ್ತಾರೆ. ನಾನು ಮುಚ್ಚುವುದಿಲ್ಲ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಯೋಗ್ಯತೆಯನ್ನು ಹತ್ತನೇ ವಯಸ್ಸಿನಲ್ಲೇ ಕಳೆದುಕೊಂಡವಳು ನಾನು. ಯಾರಿಗೂ ಹೇಳಲಾಗದ ಇಂಥದೊಂದು ನಿಮ್ಮಲ್ಲೂ ಇದ್ದೀತು.

ಅಮ್ಮ ಕಟಪಾಡಿಯಲ್ಲಿ ಮೀನು ಮಾರುತ್ತಿದ್ದಳು. ಕಾಪುವಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಪಕ್ಕ ನಿಂತುಕೊಂಡೇ ನಾಲ್ಕು ತುತ್ತು ಉಣ್ಣುವುದು ಅವಳ ರೂಢಿ. ದುಬೈಯಲ್ಲಿದ್ದ ಅಪ್ಪನಿಗೆ ಅದೊಂದು ಕೊರಗು. ರಜೆ ಸಿಗದೆ ಊರಿಗೆ ಬರಲಾಗದ ಒಂದು ವರ್ಷ, ಕಾರ್ಕಳದ ಹತ್ತಿರ ಗದ್ದೆಯ ನಡುವಿನ ಹಳೇ ಮನೆಯೊಂದರ ಹೋಂಸ್ಟೇಯಲ್ಲಿ ನಮ್ಮಿಬ್ಬರಿಗೆ ಎರಡು ದಿನದ ರೂಮು ಮಾಡಿಸಿ, ಫೋನಿನಲ್ಲಿ ಅಮ್ಮನಿಗೆ ಹೇಳಿದರು: “ಒಂದ್ಸಲವಾದ್ರೂ ಬೇರೆಯವರು ಬಡಿಸಿದ್ದನ್ನು ಕೂತು ಉಣ್ಣು ಮಾರಾಯ್ತಿ.”

ಯಾರ ಮನೆಗೂ ಕೈಬೀಸಿಕೊಂಡು ಹೋದವಳಲ್ಲ ನನ್ನಮ್ಮ. ತಾನೇ ತಲೆ ಮುರಿದು, ಚಾಪೆಯಲ್ಲಿ ಹರವಿ ಒಣಗಿಸಿದ ಸಿಗಡಿಯ ದೊಡ್ಡ ಕಟ್ಟನ್ನು ಚೀಲದಲ್ಲಿಟ್ಟುಕೊಂಡು, ಮದುವೆಗಳಿಗೆ ಉಡುವ ಸೀರೆಯುಟ್ಟು ಬಸ್ಸು ಹತ್ತಿದಳು. ಆ ಮನೆಯ ಯಜಮಾನಿ ಪದ್ಮಕ್ಕ ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ಅಮ್ಮ ಎರಡೂ ಕೈಯಲ್ಲಿ ಕಟ್ಟು ಚಾಚಿದಳು. ಪದ್ಮಕ್ಕ ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ಮುಖ ಗಂಟಿಕ್ಕಲಿಲ್ಲ. “ನಾವು ಜೈನರಲ್ವಾ ಅಕ್ಕಾ, ಒಳಗೆ ತರ್ಲಿಕ್ಕೆ ಆಗುವುದಿಲ್ಲ. ಬೇಸರ ಮಾಡ್ಬೇಡಿ. ಗೇಟಿನ ಹತ್ತಿರ ಗೇರುಮರ ಉಂಟು, ಅದಕ್ಕೆ ಕಟ್ಟಿಡುವ. ಹೋಗುವಾಗ ತಕೊಂಡು ಹೋಗಿ.” ಅಮ್ಮನ ಮುಖ ಸಣ್ಣದಾಯಿತು. “ಗೊತ್ತಾಗ್ಲಿಲ್ಲ, ತಪ್ಪಾಯ್ತು” ಎನ್ನುತ್ತಾ ತಾನೇ ಹೋಗಿ ಕೊಂಬೆಗೆ ಕಟ್ಟಿದಳು.

ಜಗಲಿಯ ಉಯ್ಯಾಲೆಯಲ್ಲಿ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಕೂತಿದ್ದಳು. ಅವಳ ಮನೆಯವರೂ ಅಲ್ಲಿ ತಂಗಲು ಬಂದವರೇ. ಮೂಗಿಗೆ ಕರ್ಚೀಫು ಹಿಡಿದು, ಮರದ ಬಳಿಯಿದ್ದ ಅಮ್ಮನನ್ನು ತೋರಿಸಿ, “ಅದು ಯಾರು?” ಎಂದು ನನ್ನನ್ನು ಕೇಳಿದಳು. ನನ್ನ ಹೊಸ ಫ್ರಾಕಿಗೂ ಆ ವಾಸನೆ ಅಂಟಿತೋ ಎಂಬ ಹೆದರಿಕೆ ನನಗೆ. “ನಮ್ಮ ಮನೆ ಕೆಲಸದವರು” ಎಂದುಬಿಟ್ಟೆ. ತಿರುಗಿದರೆ ಅಮ್ಮ ಮೆಟ್ಟಿಲ ಬಳಿ ನಿಂತಿದ್ದಳು. ನನ್ನ ಚೀಲವನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ರಾತ್ರಿಯ ಊಟ. ಉದ್ದ ಮೇಜಿನ ಮೇಲೆ ಕುಚ್ಚಲಕ್ಕಿ ಅನ್ನ ಹಬೆಯಾಡುತ್ತಿತ್ತು, ಸೌತೆಹುಳಿಗೆ ಕೊಟ್ಟ ಒಗ್ಗರಣೆಯ ಪರಿಮಳ ಅಂಗಳದವರೆಗೂ ಇತ್ತು. ಪದ್ಮಕ್ಕ ನನ್ನ ಪಕ್ಕದ ಕುರ್ಚಿ ಎಳೆದು ಅಮ್ಮನನ್ನು ಕರೆದರು. “ನನಗೆ ಕೂತು ಅಭ್ಯಾಸ ಇಲ್ಲ ಅಕ್ಕಾ, ನಾನು ಬಡಿಸ್ತೇನೆ” ಎಂದು ಅಮ್ಮ ಅವರ ಕೈಯಿಂದ ಸೌಟು ತೆಗೆದುಕೊಂಡಳು. ಆ ಹುಡುಗಿಗೆ ಬಡಿಸಿ ನನ್ನ ಬಳಿ ಬಂದು, “ನಿಮಗೆ ಇನ್ನು ಸ್ವಲ್ಪ ಹಾಕ್ಲಾ?” ಎಂದು ಕೇಳಿದಳು. ನಾನು ತಲೆ ಎತ್ತದೆ ಹೂಂ ಎಂದೆ. ಎರಡು ದಿನವೂ ಹಾಗೇ ನಡೆಯಿತು. ನನ್ನ ಸುಳ್ಳನ್ನು ನನಗಿಂತ ಚೆನ್ನಾಗಿ ಅವಳೇ ಕಾಪಾಡಿದಳು.

ಹೊರಡುವಾಗ ಅಮ್ಮ ಗೇರುಮರದಿಂದ ಕಟ್ಟು ಬಿಚ್ಚಿಕೊಂಡಳು. ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಮನೆ ಸೇರಿದ ಮೇಲೆ ಅಪ್ಪನ ಫೋನು ಬಂತು. “ಭಾರೀ ಲಾಯ್ಕ್ ಇತ್ತು. ಎರಡೂ ದಿನ ಕೂತೇ ಉಂಡೆ” ಎಂದಳು. ನಾನು ಅಲ್ಲೇ ಇದ್ದೆ.

ಈಗ ಅಮ್ಮ ಇಲ್ಲ. ಪದ್ಮಕ್ಕನ ಮನೆಯೂ ಇಲ್ಲ. ರಸ್ತೆ ಅಗಲವಾಗುವಾಗ ಗೇಟು, ಗೇರುಮರ ಎಲ್ಲ ಹೋಯಿತು. ಅಪ್ಪ ನಮ್ಮ ಜೊತೆ ಇದ್ದಾರೆ. ಕೆಳಮನೆಯ ಸಿಗಡಿ ಘಾಟು ಬಂದ ದಿನ ಊಟಕ್ಕೆ ಕೂತಾಗ ಅಮ್ಮನ ಮಾತೆತ್ತುತ್ತಾರೆ: “ಅವಳಿಗೆ ನಾನು ಎಂತದೂ ಮಾಡ್ಲಿಲ್ಲ. ಆ ಎರಡು ದಿನವಾದ್ರೂ ಕೂತು ಉಂಡಳಲ್ಲ, ಅದೊಂದು ಸಮಾಧಾನ.”

“ಹೌದಪ್ಪ” ಎನ್ನುತ್ತೇನೆ ನಾನು, ಅವರ ಬಟ್ಟಲಿಗೆ ಅನ್ನ ಬಡಿಸುತ್ತಾ.